ಹಿನ್ನೀರಿನ ಮೇಲೆ ಎರಡು ತಾಸು

ಅಂಡಮಾನಿಗೆ ಹೋಗಿ ಸಣ್ಣ ಹಡಗಿನಲ್ಲಿ ಸುತ್ತಬೇಕು ಅಂತ ನಾನೂ ಗೆಳೆಯನೂ ವರ್ಷದಿಂದ ದುಡ್ಡು ಕೂಡಿಡ್ತಿದ್ವಿ. ಆಫೀಸಿನಲ್ಲಿ ರಿಲೀಸ್ ಅಡ್ಡ ಬಂತು, ರಜೆ ನಾಲ್ಕೇ ದಿನಕ್ಕಿಳಿಯಿತು. ಸುಮ್ಮನೆ ಬಾಗಲಕೋಟೆ ಬಸ್ ಹತ್ತಿದೆವು.

ಜನವರಿಯ ಬೆಳಗು. ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಕಾಕಾ ಒಬ್ಬರು ದೋಣಿ ಹತ್ತಿಸಿಕೊಂಡರು. 'ನೀರಾಗ ಕೈ ಬಿಡಬ್ಯಾಡ್ರಿ, ಮೊಸಳಿ ಅದಾವ' ಅಂದಿದ್ದೇ ತಡ, ಇಬ್ಬರೂ ನಡುವಿಗೆ ಸರಿದು ಕೂತೆವು. ನೀರಿಳಿದ ಕೆಸರಿನಲ್ಲಿ ರಾಜಹಂಸಗಳ ದೊಡ್ಡ ಹಿಂಡು, ಕೊಕ್ಕು ತಲೆಕೆಳಗು ಮಾಡಿ ಮೇಯುತ್ತಿತ್ತು. ಆಚೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು.

ನಾನು ಫೋಟೊ ತೆಗೀತಾನೇ ಇದ್ದೆ. ಗೆಳೆಯ ಹಕ್ಕಿಗಳ ಕಡೆ ಕೈ ಮಾಡಿ, 'ಅಲ್ಲಿ ನೋಡಲೇ, ನಮ್ಮಜ್ಜನ ಹೊಲ ಇತ್ತು' ಅಂದ.

ಮುಳುಗಡೆ ಪರಿಹಾರದ ದುಡ್ಡಿನಲ್ಲೇ ಅವನ ಇಂಜಿನಿಯರಿಂಗ್ ಫೀ ಕಟ್ಟಿದ್ದು. ಅಜ್ಜ ಮಾತ್ರ ನವನಗರದ ಮನೆಗೆ ಕೊನೆವರೆಗೂ ಹೊಂದಿಕೊಳ್ಳಲಿಲ್ಲವಂತೆ. ನನ್ನೂರು ಹುನಗುಂದದ ಕಡೆ. ನಮ್ಮ ಒಣ ಹೊಲಕ್ಕೆ ನೀರು ಬಂದದ್ದು ಇದೇ ಕೃಷ್ಣಾ ಯೋಜನೆಯಿಂದ. ಒಂದೇ ಬೆಂಚಿನಲ್ಲಿ ನಾಲ್ಕು ವರ್ಷ ಕೂತರೂ ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

ಜಲಾಶಯದ ಗರಿಷ್ಠ ಮಟ್ಟ ಈಗ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಯೋಜನೆಯಿದೆ. ನೀರು ಬೇಕು, ಖರೆ. ಆದರೆ ಏರಿದರೆ ಇನ್ನಷ್ಟು ಊರುಗಳು ಗಂಟುಮೂಟೆ ಕಟ್ಟಬೇಕು.

ಸ್ಟೇಟಸ್‌ಗೆ ಅಂತ ತೆಗೆದ ಫೋಟೊ ಅಲ್ಲಿ ಹಾಕಲಿಲ್ಲ, ಗೆಳೆಯನ ಅವ್ವನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. ಹಕ್ಕಿಯ ಮಾತೇ ಇಲ್ಲ.

'ತಮ್ಮಾ, ಬದುವಿನ ಬೇವಿನ ಗಿಡ ಕಂಡಿತೇನು?'