ಕಂಠಕೌಪೀನವೆಂಬ ಪರಿಹಾಸ

ನೆಕ್‌ಟೈಗೆ ‘ಕಂಠಲಂಗೋಟಿ’, ‘ಕಂಠಕೌಪೀನ’ ಎಂಬ ಶಬ್ದಗಳು ಪರಿಹಾಸದಲ್ಲಿ ಹುಟ್ಟಿದವು. ಅವನ್ನು ಕೋಶಕ್ಕೇರಿಸುವುದು ಉಚಿತವಲ್ಲ. ಆಡುವವರ ಗುರಿ ಟೈ ಆದರೂ ಪೆಟ್ಟು ಬೀಳುವುದು ಕೌಪೀನಕ್ಕೆ. ದಿಗಂಬರ ಪರಂಪರೆಯಲ್ಲಿ ಹನ್ನೊಂದನೆಯ ಪ್ರತಿಮೆಯ ಐಲಕನಿಗೆ ಉಳಿಯುವ ಏಕಮಾತ್ರ ವಸ್ತ್ರವದು. ಮುನಿದೀಕ್ಷೆಯಲ್ಲಿ ಅದೂ ಕಳಚುತ್ತದೆ. ಟೈ ಇದಕ್ಕೆ ತದ್ವಿರುದ್ಧ: ಏನನ್ನೂ ಮುಚ್ಚದು, ಉಳಿದೆಲ್ಲ ತೊಟ್ಟ ಬಳಿಕ ಕೊರಳಿಗೇರುವ ಅಲಂಕಾರ. ಅದರ ಪೂರ್ವರೂಪಕ್ಕೆ ಫ್ರೆಂಚರು ‘ಕ್ರವಾತ್’ ಎಂದದ್ದು 17ನೆಯ ಶತಮಾನದ ಕ್ರೊವೇಷಿಯಾದ ಕೂಲಿಸೈನಿಕರ ಕೊರಳವಸ್ತ್ರವನ್ನು ಕಂಡು. ಜನಾಂಗದ ಹೆಸರೇ ಉಡುಪಿನ ಹೆಸರಾಯಿತು. ಇಂಗ್ಲಿಷಿನ ‘ಟೈ’ಗಾದರೋ ಕಟ್ಟು ಎಂದಷ್ಟೇ ಅರ್ಥ. ಹಾಗಾಗಿ ‘ಟೈ ಕಟ್ಟಿಕೊಂಡರು’ ಎಂಬಲ್ಲಿ ಅರ್ಥ ಇಮ್ಮಡಿಸಿದೆ, ನಿಜ. ‘ನಡುಮಧ್ಯ’, ‘ಗೇಟುಬಾಗಿಲು’ಗಳನ್ನು ಅರಗಿಸಿಕೊಂಡಿರುವ ಕನ್ನಡಕ್ಕೆ ಇದೊಂದು ಭಾರವೇ?