ಹತ್ತಕ್ಕೆ ಹತ್ತು ಅಂಕ, ಪಕ್ಕದಲ್ಲಿ ಖಾಲಿ ಕುರ್ಚಿ

2024ರ ನವೆಂಬರಿನಲ್ಲಿ ಪಿಂಚಣಿದಾರರ ಜೀವನ ಪ್ರಮಾಣಪತ್ರ ಸಲ್ಲಿಸಲೆಂದು ನಮ್ಮ ಬಡಾವಣೆಯ ಬ್ಯಾಂಕ್ ಶಾಖೆಗೆ ಹೋಗಿದ್ದೆ. ನನ್ನ ಮುಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಎಂಟು ಲಕ್ಷ ರೂಪಾಯಿಯ ಠೇವಣಿಯನ್ನು ಅವಧಿಗೆ ಮೊದಲೇ ಮುರಿದು, ಹಣವನ್ನು ಬೇರೊಂದು ಖಾತೆಗೆ ಕಳಿಸಬೇಕೆಂದು ಕೇಳುತ್ತಿದ್ದರು. ಕೌಂಟರಿನಲ್ಲಿದ್ದ ಯುವತಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಆಕೆ ಅರ್ಜಿ ನೋಡಿದಳು, ಸಹಿ ತಾಳೆ ಹಾಕಿದಳು, ಪಾನ್ ಸಂಖ್ಯೆ ಪರಿಶೀಲಿಸಿದಳು. ನಿಯಮದ ಪ್ರಕಾರ ಯಾವುದೂ ತಪ್ಪಿರಲಿಲ್ಲ. ಅಷ್ಟರಲ್ಲಿ ಫೈಲು ಹೊತ್ತು ಬಂದ ಅಟೆಂಡರ್ ನಿಂತು, “ಟೀಚರಮ್ಮ, ಆಗಿನಿಂದ ಫೋನು ಕಿವಿಯಲ್ಲೇ ಇದೆ, ಒಂದು ಮಾತೂ ಆಡುತ್ತಿಲ್ಲ. ಆ ಕಡೆ ಇರೋರು ಯಾರು?” ಎಂದು ಕೇಳಿದರು. ಆ ವೃದ್ಧೆ ಅಳತೊಡಗಿದರು. ಆ ಕಡೆ ಇದ್ದವನು ತನ್ನನ್ನು ಸಿಬಿಐ ಅಧಿಕಾರಿಯೆಂದು ಹೇಳಿಕೊಂಡು, ಮೂರು ದಿನದಿಂದ ಅವರನ್ನು ‘ಡಿಜಿಟಲ್ ಬಂಧನ’ದಲ್ಲಿ ಇರಿಸಿದ್ದನಂತೆ. ಹಣ ಉಳಿಯಿತು.

ಗದ್ದಲ ಅಡಗಿದ ಮೇಲೆ ಆ ಯುವತಿ ನನ್ನೊಡನೆ ಮಾತನಾಡಿದಳು. “ಸಾರ್, ಸೈಬರ್ ವಂಚನೆಯ ಆನ್‌ಲೈನ್ ತರಬೇತಿಯಲ್ಲಿ ನನಗೆ ಹತ್ತಕ್ಕೆ ಹತ್ತು ಬಂದಿದೆ” ಎಂದಳು. ಮಾತಿನಲ್ಲಿ ಹೆಮ್ಮೆಗಿಂತ ದಿಗ್ಭ್ರಮೆಯೇ ಹೆಚ್ಚಿತ್ತು. ಆ ಪಾಠವನ್ನು ಆಕೆ ಮುಗಿಸಿದ್ದು ಗಡುವಿನ ಹಿಂದಿನ ರಾತ್ರಿ, ಮನೆಯಲ್ಲಿ, ಮೊಬೈಲಿನ ಪರದೆಯ ಮೇಲೆ, ಇಂಗ್ಲಿಷಿನಲ್ಲಿ. ಹಗಲಿನಲ್ಲಿ ಶಾಖೆಯಲ್ಲಿ ಬಿಡುವಿಲ್ಲ. ಮುಗಿಸದವರ ಹೆಸರಿನ ಪಟ್ಟಿ ಮಾತ್ರ ಮೇಲಿನ ಕಚೇರಿಯಿಂದ ತಪ್ಪದೆ ಬರುತ್ತದೆ. ಉತ್ತರ ತಪ್ಪಾದರೆ ಸರಿಯಾಗುವ ತನಕ ಮತ್ತೆ ಮತ್ತೆ ಒತ್ತಬಹುದು.

ನಾನು ಅದೇ ವೃತ್ತಿಗೆ 1983ರಲ್ಲಿ ಗುಮಾಸ್ತನಾಗಿ ಸೇರಿದವನು. ಹೆಡ್ ಕ್ಲರ್ಕ್ ಒಬ್ಬರು ತಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಸಿ, ಲೆಡ್ಜರು ತಾಳೆಯಾಗುವವರೆಗೆ ಎದ್ದು ಹೋಗಲು ಬಿಡುತ್ತಿರಲಿಲ್ಲ. ಆ ಕಾಲವನ್ನು ಹೊಗಳುವ ಉದ್ದೇಶ ನನಗಿಲ್ಲ. ಹಿರಿಯರ ತಪ್ಪು ರೂಢಿಗಳೂ ಹಾಗೆಯೇ ನಮಗೆ ಇಳಿದು ಬಂದವು. ಹಿರಿಯರಿಗೆ ಬೇಡವಾದವನು ಏನೂ ಕಲಿಯುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಎಲ್ಲರೆದುರು ಗೇಲಿಗೆ ಗುರಿಯಾಗಬೇಕಿತ್ತು. ಬ್ಯಾಂಕುಗಳ ಯಾಂತ್ರೀಕರಣ ಕುರಿತ ರಂಗರಾಜನ್ ಸಮಿತಿಯ ವರದಿ 1984ರಲ್ಲಿ ಬಂದಾಗ, ಕಂಪ್ಯೂಟರ್ ನಮ್ಮ ಅನ್ನ ಕಸಿಯುತ್ತದೆಂದು ಗೇಟಿನ ಮುಂದೆ ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಈಗ ಆ ವಿರೋಧ ಉಳಿದಿಲ್ಲ. ಔರಾದಿನ ಶಾಖೆಗೂ ಸುಳ್ಯದ ಶಾಖೆಗೂ ಒಂದೇ ದಿನ ಒಂದೇ ಪಾಠ ತಲುಪುವುದು, ಅರ್ಥವಾಗದ್ದನ್ನು ಯಾರ ಹಂಗೂ ಇಲ್ಲದೆ ಹತ್ತು ಸಲ ನೋಡಲು ಸಾಧ್ಯವಾಗುವುದು ಸಣ್ಣ ಸೌಲಭ್ಯವಲ್ಲ.

ದೋಷ ಯಂತ್ರದ್ದಲ್ಲ ಎಂಬುದಕ್ಕೆ ಅದರ ಇತಿಹಾಸವೇ ಸಾಕ್ಷಿ. ಕಂಪ್ಯೂಟರ್ ಮೂಲಕ ಕಲಿಸುವ ‘ಪ್ಲೇಟೊ’ ಎಂಬ ವ್ಯವಸ್ಥೆಯನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಅವರು ರೂಪಿಸಿದ್ದು 1960ರಲ್ಲಿ. ಕಲಿಯುವವನು ತಡವರಿಸಿದರೆ ನೆರವು ಕೇಳಿ, ಅದೇ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳುವ ಉಪಪಾಠಕ್ಕೆ ಹೋಗಿ ಮರಳಲು ಅಲ್ಲಿ ಅವಕಾಶವಿತ್ತು. ಉತ್ತರ ತಪ್ಪಾದದ್ದು ಏಕೆ ಎಂಬುದೇ ಆ ವಿಧಾನದ ಜೀವಾಳ. ಆರು ದಶಕ ಕಳೆದ ಮೇಲೆ ನಮ್ಮ ಕಚೇರಿಗಳು ಹೊಸಬರ ಕೈಗೆ ಇಡುತ್ತಿರುವುದಾದರೂ ಏನು? ಬಹುಪಾಲು ಕಡೆ, ‘ಮುಂದೆ’ ಎಂಬ ಗುಂಡಿಯಿರುವ ಚಿತ್ರಪುಟಗಳ ಸರಮಾಲೆ.

ಇದಕ್ಕೆ ಕಾರಣ ಸರಳ. ತಪಾಸಣೆಗೆ ಬರುವವರು ಕೇಳುವುದು ದಾಖಲೆಯನ್ನು, ಕಂಪ್ಯೂಟರ್ ಕೊಡುವುದೂ ಅದನ್ನೇ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ನೌಕರರಲ್ಲಿ ಅರಿವು ಮೂಡಿಸಲು ನಿಯತವಾಗಿ ಕಾರ್ಯಾಗಾರ ನಡೆಸಬೇಕೆನ್ನುತ್ತದೆ. ಆ ಕಾರ್ಯಾಗಾರವು ಅರ್ಧ ಗಂಟೆಯ ಚಿತ್ರಪುಟವಾಗಿ ಕುಗ್ಗಿದರೆ, ದೂರು ಹೇಳಬೇಕಾದ ಹೆಣ್ಣುಮಗಳಿಗೆ ದೂರು ಕೇಳುವವರ ಮುಖಪರಿಚಯವೂ ಆಗುವುದಿಲ್ಲ. ಕೇಂದ್ರ ಸರ್ಕಾರವು ಹೊಸ ನೌಕರರಿಗಾಗಿ ‘ಕರ್ಮಯೋಗಿ ಪ್ರಾರಂಭ’ ಎಂಬ ಆನ್‌ಲೈನ್ ಪರಿಚಯ ಪಾಠಗಳನ್ನು 2022ರ ನವೆಂಬರಿನಲ್ಲಿ ಆರಂಭಿಸಿತು. ನಡತೆ ಸಂಹಿತೆ, ಪ್ರಾಮಾಣಿಕತೆ ಅದರ ವಿಷಯಗಳಲ್ಲಿ ಸೇರಿವೆ. ಸಂಹಿತೆಯನ್ನು ಪರದೆಯಲ್ಲಿ ಓದಬಹುದು, ಒಪ್ಪುತ್ತೇನೆ. ಆದರೆ ಮೇಲಧಿಕಾರಿಯೇ “ಸ್ವಲ್ಪ ಹೊಂದಿಸಿಕೊಳ್ಳಿ” ಎಂದಾಗ ಏನು ಮಾಡಬೇಕೆಂದು ಹೊಸಬನು ಯಾರನ್ನು ಕೇಳಬೇಕು?

ನನ್ನ ಬೇಡಿಕೆ ದೊಡ್ಡದೇನಲ್ಲ. ತರಬೇತಿಯ ವೇಳೆ ಕೆಲಸದ ವೇಳೆಯಲ್ಲೇ ಇರಲಿ. ರಾತ್ರಿಯ ನಿದ್ದೆಯಿಂದ ಅದನ್ನು ಕಡಿಯಬೇಡಿ. ಪಾಠ ಕನ್ನಡದಲ್ಲೂ ಸಿಗಲಿ. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಗಳನ್ನು 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂದು ಹಣಕಾಸು ಸಚಿವಾಲಯ 2021ರಲ್ಲೇ ಶಿಫಾರಸು ಮಾಡಿತು. ಕನ್ನಡದಲ್ಲಿ ಪರೀಕ್ಷೆ ಬರೆದು ಬಂದವಳಿಗೆ, ಕನ್ನಡದಲ್ಲೇ ಅಳುವ ಗ್ರಾಹಕರ ವಿಷಯವನ್ನು ಇಂಗ್ಲಿಷಿನಲ್ಲಿ ಕಲಿಸುವುದು ಯಾವ ನ್ಯಾಯ? ಕೊನೆಯದಾಗಿ, ಪ್ರತಿ ಪಾಠದ ನಂತರ ಒಬ್ಬ ಹಿರಿಯರು ಹೊಸಬರೊಡನೆ ಅರ್ಧ ತಾಸು ಕುಳಿತು, ಈ ಶಾಖೆಯಲ್ಲಿ ಹೀಗಾದದ್ದು ಯಾವಾಗ, ಆಗ ನಾವು ಏನು ಮಾಡಿದೆವು ಎಂದು ಹೇಳಲಿ. ಆ ಅರ್ಧ ತಾಸನ್ನೂ ಅವರ ಕೆಲಸವೆಂದೇ ಲೆಕ್ಕ ಹಾಕಬೇಕು. ಸಿಬ್ಬಂದಿ ಎಲ್ಲಿದ್ದಾರೆ ಎಂದು ವ್ಯವಸ್ಥಾಪಕರು ಕೇಳುತ್ತಾರೆ, ಗೊತ್ತು. ಎಂಟು ಲಕ್ಷ ಹೋಗಿದ್ದರೆ ಪೊಲೀಸು, ವಿಚಾರಣೆ, ಪತ್ರವ್ಯವಹಾರಕ್ಕೆ ಅದೇ ಸಿಬ್ಬಂದಿ ಎಷ್ಟು ದಿನ ಕಳೆಯಬೇಕಿತ್ತೆಂಬ ಲೆಕ್ಕವನ್ನೂ ಅವರು ಹಾಕಲಿ.

ಆ ಯುವತಿ ಈಗ ಠೇವಣಿ ಮುರಿಸಲು ಬಂದ ಹಿರಿಯರನ್ನು ಮೊದಲು ಕೂರಿಸಿ, ನೀರು ಕೊಟ್ಟು, ಫೋನು ಕೆಳಗಿಡಲು ಹೇಳುತ್ತಾಳೆ. ಅದನ್ನು ಯಾವ ಪಾಠದಲ್ಲೂ ಓದಿಲ್ಲವಂತೆ. ಮರುದಿನ ಅಟೆಂಡರ್ ಹೇಳಿಕೊಟ್ಟದ್ದು. ಅವರು 2025ರ ಮಾರ್ಚಿನಲ್ಲಿ ನಿವೃತ್ತರಾದರು. ಆ ಜಾಗಕ್ಕೆ ಬೇರೆ ಯಾರನ್ನೂ ನೇಮಿಸಿಲ್ಲ.