ನಳಿಕೆಯ ಮೇಲೂ ನಿಗಾ ಇರಲಿ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ಬಾಣಂತಿಯರು ಒಬ್ಬರ ಹಿಂದೊಬ್ಬರು ಸಾವಿಗೀಡಾದಾಗ, ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ರಾಜ್ಯ ಸರ್ಕಾರ ಪೂರೈಕೆದಾರ ಕಂಪನಿಯ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ಬಾಟಲಿಯ ಪರೀಕ್ಷೆ ಬೇಕೇ ಬೇಕು. ಬಾಟಲಿಯಿಂದ ರಕ್ತನಾಳಕ್ಕೆ ಹೋಗುವ ನಳಿಕೆಯ ನಿಗಾ ಕೂಡ ಅಷ್ಟೇ ಗಂಭೀರ ವಿಷಯ. ದೀರ್ಘ ಚಿಕಿತ್ಸೆಗೆ ಬಳಸುವ ಮಿಡ್‌ಲೈನ್ ಕ್ಯಾತಿಟರ್ ಅನ್ನೇ ನೋಡಿ. ಮೇಲ್ದೋಳಿನ ಅಭಿಧಮನಿಗೆ ಹಾಕುವ ಈ ನಳಿಕೆಯ ತುದಿ ಕಂಕುಳಿನ ಬಳಿ ನಿಲ್ಲುತ್ತದೆ. ಮುಂಗೈಯ ಸೂಜಿ ಕೆಲವೇ ದಿನಕ್ಕೆ ಕೈಕೊಡುತ್ತದೆ. ಮಿಡ್‌ಲೈನ್ ಎರಡು ವಾರದವರೆಗೂ ಬಾಳುತ್ತದೆ, ಪದೇ ಪದೇ ಚುಚ್ಚಿಸಿಕೊಳ್ಳುವ ನೋವು ತಪ್ಪುತ್ತದೆ. ಆದರೆ ನಾಳಕ್ಕೆ ಹೋಲಿಸಿದರೆ ನಳಿಕೆ ದಪ್ಪವಾದರೆ, ರೋಗಿಗೆ ಕ್ಯಾನ್ಸರ್ ಇದ್ದರೆ ಅಥವಾ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ನಾಳವನ್ನು ಸುಡುವಂಥ ತೀಕ್ಷ್ಣ ಔಷಧ ಇದರಲ್ಲಿ ಹರಿಸುವುದು ಇನ್ನೂ ಅಪಾಯಕಾರಿ: ತುದಿ ಆಳದಲ್ಲಿರುವುದರಿಂದ ಸೋರಿಕೆ ತಡವಾಗಿ ಗೊತ್ತಾಗುತ್ತದೆ.

ಈ ನಿಗಾ ಹಳ್ಳಿಯ ರೋಗಿಗೂ ಸಿಗಬೇಕು. ಬೆಳಗಾವಿ ಜಿಲ್ಲೆಯ ಸಂಗೊಳ್ಳಿಯ ರೋಗಿಗೆ ತಾಲ್ಲೂಕು ಕೇಂದ್ರ ಬೈಲಹೊಂಗಲ ಹತ್ತಿರ, ಬೆಳಗಾವಿ ದೂರ. ನಳಿಕೆ ಹಾಕಿಸಿಕೊಂಡು ದೊಡ್ಡಾಸ್ಪತ್ರೆಯಿಂದ ಮರಳಿದವರ ತೋಳು ಊದಿಕೊಂಡರೆ, ಜ್ವರ ಬಂದರೆ, ಮೊದಲು ನೋಡಬೇಕಾದವರು ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕರು. ಯಾವುದೇ ನಳಿಕೆಯಾಗಲಿ, ಹಾಕಿದ ದಿನಾಂಕ ಮತ್ತು ಕಾರಣ ದಾಖಲಾಗಬೇಕು. ಪ್ರತಿ ಪಾಳಿಯಲ್ಲೂ ಆ ಜಾಗವನ್ನು ಪರೀಕ್ಷಿಸಿ, ಅಗತ್ಯ ಮುಗಿದ ದಿನವೇ ತೆಗೆಯಬೇಕು. ಆರೋಗ್ಯ ಇಲಾಖೆ ಇದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಆಸ್ಪತ್ರೆಗಳಿಗೆ ಲಿಖಿತ ನಿಯಮವಾಗಿಸಬೇಕು. ಅದನ್ನು ಪಾಲಿಸಲು ಬೇಕಾದಷ್ಟು ಶುಶ್ರೂಷಕರನ್ನೂ ಒದಗಿಸಬೇಕು.